ರಜೆ ಪಟ್ಟಿಯ ಕೆಳಗಿನ ಆ ಒಂದು ಸಾಲು

ಪ್ರತಿ ವರ್ಷ ಸರ್ಕಾರಿ ರಜೆಗಳ ಪಟ್ಟಿ ತಯಾರು ಮಾಡುವ ಮಾನ್ಯರಿಗೆ,

ನಮಸ್ಕಾರ.

ನಾನು ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆ ಟೀಚರು. ಹುಟ್ಟಿ ಬೆಳೆದದ್ದು ಹಾಸನ ಜಿಲ್ಲೆಯ ಬೇಲೂರಿನ ಪಕ್ಕ. 1998ರಲ್ಲಿ ನೌಕರಿ ಸಿಕ್ಕಿ ಈ ಕಡೆ ಬಂದೆ. ನಾಲ್ಕೈದು ವರ್ಷ ಕಳೆದು ವರ್ಗ ಮಾಡಿಸಿಕೊಂಡು ಹೋಗೋಣ ಅಂತ ಲೆಕ್ಕ ಹಾಕಿದ್ದೆ. ಹೋಗಲಿಲ್ಲ. ಅದು ಬೇರೆ ಕಥೆ, ಬಿಡಿ.

ನಿಮ್ಮ ಪಟ್ಟಿ ಬಂದ ದಿನ ನಮ್ಮ ಶಾಲೆಯಲ್ಲಿ ಒಂದು ಸಣ್ಣ ಹಬ್ಬ. ನಮ್ಮ ಸ್ಟಾಫ್ ರೂಮ್ ಅಂದರೆ ಅಕ್ಕಿ ಮೂಟೆ ಇಡುವ ಕೋಣೆಯ ಅರ್ಧ ಭಾಗ. ಅಲ್ಲಿ ನಾಲ್ಕು ಜನ ಒಂದು ಮೊಬೈಲಿನ ಸುತ್ತ ತಲೆ ಕೂಡಿಸಿ ನಿಲ್ಲುತ್ತೇವೆ. ಯಾವ ಹಬ್ಬ ಸೋಮವಾರ ಬಂದಿದೆ, ಯಾವುದು ಭಾನುವಾರ ಬಿದ್ದು ಹಾಳಾಗಿದೆ, ಎರಡು ಪರಿಮಿತ ರಜೆಯನ್ನು ಯಾವುದಕ್ಕೆ ಹಾಕಿಕೊಳ್ಳಬೇಕು, ಇದೇ ಮಾತು. ನೀವೂ ನಿಮ್ಮ ಕಚೇರಿಯಲ್ಲಿ ಇದನ್ನೇ ಮಾಡುತ್ತೀರಿ ಅಂತ ನನಗೆ ಗೊತ್ತು.

ಆದರೆ ರಜೆ ಜಾಸ್ತಿ ಕೊಡಿ ಅಂತ ಕೇಳಲು ಈ ಪತ್ರ ಬರೆಯುತ್ತಿಲ್ಲ. ಪಟ್ಟಿಯ ಕೆಳಗೆ ಸೂಚನೆಗಳು ಇರುತ್ತವಲ್ಲ, ಅವುಗಳಲ್ಲಿ ವರ್ಷ ವರ್ಷವೂ ಬರುವ ಒಂದು ಸಾಲಿನ ಬಗ್ಗೆ ಹೇಳಬೇಕಿದೆ. ಮುಸ್ಲಿಂ ಹಬ್ಬಗಳು ಪಟ್ಟಿಯಲ್ಲಿ ಹಾಕಿದ ದಿನ ಬೀಳದೆ ಹಿಂದೆ ಮುಂದೆ ಆದರೆ, ಸರ್ಕಾರಿ ಸೇವೆಯಲ್ಲಿರುವ ಮುಸಲ್ಮಾನ ಬಾಂಧವರಿಗೆ ಆ ರಜೆಯ ಬದಲು ಹಬ್ಬದ ದಿನವೇ ರಜೆ ಕೊಡಬಹುದು ಅನ್ನುವ ಅರ್ಥದ ಸಾಲು ಅದು. ಒಳ್ಳೆಯ ಸಾಲೇ. ಚಂದ್ರ ಯಾವ ಸಂಜೆ ಕಾಣುತ್ತಾನೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಬರೆದವರು ಕಾಳಜಿಯಿಂದಲೇ ಬರೆದಿದ್ದಾರೆ. ಆದರೆ ಆ ಸಾಲು ನಮ್ಮ ಹಳ್ಳಿಗೆ ಬಂದಾಗ ಏನಾಯಿತು ಅಂತ ಕೇಳಿ.

ನಮ್ಮ ಶಾಲೆಯಲ್ಲಿ ಒಬ್ಬ ಮಾಸ್ತರರಿದ್ದರು. ಕುರುಬ ಸಮಾಜದವರು. ಅವರ ಮನೆತನದ ಗಂಡಸರು ತಲೆತಲಾಂತರದಿಂದ ಮೊಹರಂನಲ್ಲಿ ದೇವರು ಹೊರುತ್ತಾರೆ. ದೇವರು ಅಂದರೆ ಅಲಾಯಿ ದೇವರು, ಬಣ್ಣದ ಬಟ್ಟೆ ಸುತ್ತಿದ ಕೋಲಿನ ತುದಿಯಲ್ಲಿ ಕೈ ಆಕಾರದ ಪಂಜಾ. ಅದೇ ಹೊತ್ತಿಗೆ ಇನ್ನೊಬ್ಬ ಟೀಚರೂ ಇದ್ದರು, ಮುಸ್ಲಿಂ ಹೆಣ್ಣುಮಗಳು. ಅವರ ಮನೆಯಲ್ಲಿ ಅಲಾಯಿ ನಡೆಯುವುದಿಲ್ಲ. ‘ನಮ್ಮ ಧರ್ಮದೊಳಗ ಇದು ಇಲ್ರೀ’ ಅನ್ನುತ್ತಿದ್ದರು. ಆ ದಿನ ಉಪವಾಸ ಇರುತ್ತಿದ್ದರು, ಅಷ್ಟೇ. ಒಂದು ವರ್ಷ ಚಂದ್ರ ಒಂದು ದಿನ ತಡವಾಗಿ ಕಂಡ. ಪಟ್ಟಿಯ ರಜೆ ಒಂದು ದಿನ ಮುಂಚೆಯೇ ಮುಗಿದುಹೋಯಿತು. ಮಾಸ್ತರರು ನಿಮ್ಮ ಆ ಸಾಲನ್ನೇ ತೋರಿಸಿ ಅರ್ಜಿ ಬರೆದರು. ಮೇಲಿನ ಕಚೇರಿಯಲ್ಲಿ ಅರ್ಜಿ ಓದಿದವರು ನಕ್ಕರಂತೆ. ‘ನೀವು ಯಾವಾಗ ಮುಸಲ್ಮಾನರಾದ್ರಿ ಮಾಸ್ತರ?’

ಕೊನೆಗೆ ಮಾಸ್ತರರು ಸಾಂದರ್ಭಿಕ ರಜೆ ಹಾಕಿ ದೇವರು ಹೊತ್ತರು. ಅಲಾಯಿಗೆ ಕಾಲಿಡದ ಟೀಚರಿಗೆ ಹಕ್ಕಿನ ರಜೆ ಸಿಕ್ಕಿತು. ಅವರು ಪಾಪ, ‘ನಾನು ಶಾಲಿಗೆ ಬರ್ತೀನ್ರೀ, ಅವರಿಗೆ ಕೊಡ್ರಿ’ ಅಂದಿದ್ದರು. ಹಾಗೆ ಕೊಡಲು ಬರುವುದಿಲ್ಲವಂತೆ.

ಯಾರ ತಪ್ಪು ಅಂತ ಹುಡುಕಿದರೆ ಯಾರದ್ದೂ ಅಲ್ಲ. ಹಬ್ಬಕ್ಕೆ ಒಬ್ಬ ಮಾಲೀಕ ಇದ್ದೇ ಇರುತ್ತಾನೆ ಅಂತ ನಿಮ್ಮ ಸಾಲು ಎಣಿಸಿಕೊಂಡಿದೆ. ನಮ್ಮ ಕಡೆ ಹಾಗಿಲ್ಲ. ನಾನು ಹೇಳಬೇಕಾದದ್ದು ಇಷ್ಟೇ. ಆದರೆ ಇಷ್ಟೇ ಹೇಳಿ ಮುಗಿಸಿದರೆ ನೀವು ಕಡತದಲ್ಲಿಟ್ಟು ಕಟ್ಟಿಬಿಡುತ್ತೀರಿ. ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನನಗೂ ಮೊದಲು ಇದು ಗೊತ್ತಿರಲಿಲ್ಲ. ನಾನು ಬಂದ ಹೊಸತರಲ್ಲಿ ಮೊಹರಂ ಬೇಸಿಗೆ ರಜೆಯಲ್ಲಿ ಬರುತ್ತಿತ್ತು. 1999ರಲ್ಲಿ ಏಪ್ರಿಲ್ ಕೊನೆಗೆ, 2000ದಲ್ಲಿ ಏಪ್ರಿಲ್ ಮಧ್ಯಕ್ಕೆ. ನಾನು ಆಗ ಬೇಲೂರಿಗೆ ಹೋಗಿರುತ್ತಿದ್ದೆ. ಮುಸ್ಲಿಂ ಹಬ್ಬ ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತದಲ್ಲ, 2001ಕ್ಕೆ ಏಪ್ರಿಲ್ ಮೊದಲ ವಾರಕ್ಕೆ ಬಂತು. ಶಾಲೆ ಇನ್ನೂ ನಡೆಯುತ್ತಿತ್ತು. ಒಂದು ಬೆಳಿಗ್ಗೆ ನೋಡುತ್ತೇನೆ, ಅರ್ಧ ತರಗತಿ ಖಾಲಿ. ಬಂದ ಮಕ್ಕಳ ಕೊರಳಲ್ಲಿ ಕೆಂಪು ದಾರ, ಲಾಡಿ. ಏನ್ರೋ ಇದು ಅಂದರೆ, ‘ಫಕೀರ ಆಗೀವ್ರಿ ಟೀಚರ್’ ಅಂದರು. ಹೇಳಿದ ಹುಡುಗ ನಾಯಕರವನು. ಪಕ್ಕದಲ್ಲಿದ್ದವನು ಲಿಂಗಾಯತರ ಮನೆಯವನು. ನನಗೆ ತಲೆಬುಡ ಅರ್ಥವಾಗಲಿಲ್ಲ. ಮಗು ಹುಷಾರು ತಪ್ಪಿದಾಗ ಮನೆಯವರು ಹರಕೆ ಹೊತ್ತಿರುತ್ತಾರೆ, ಅದಕ್ಕೆ ಹಬ್ಬದ ಅಷ್ಟು ದಿನ ಫಕೀರನಾಗಿ ಐದು ಮನೆ ಬೇಡಬೇಕು ಅಂತ, ಮುಂದೆ ನಮ್ಮ ಶಾಲೆಯ ಅಡುಗೆಯಮ್ಮನಾದ ಹೆಂಗಸು ಆಮೇಲೆ ಬಿಡಿಸಿ ಹೇಳಿದಳು.

ಆ ಸಂಜೆ ಅವಳ ಜೊತೆ ಹೋದೆ. ಊರ ನಡುವೆ ದೊಡ್ಡ ಕುಣಿ. ಚಂದ್ರ ಕಂಡ ಮೇಲೆ ಅದಕ್ಕೆ ಗುದ್ದಲಿ ಹಾಕುತ್ತಾರೆ. ಒಳಗೆ ಕಟ್ಟಿಗೆ ಉರಿಯುತ್ತಿರುತ್ತದೆ, ಸುತ್ತ ಹೆಜ್ಜೆ ಹಾಕುತ್ತಾರೆ. ಹಲಗೆ ಬಾರಿಸುತ್ತಾರೆ. ದೇವರು ಕೂತಿರುವ ಮಸೀದಿಯ ಮುಂದೆ ಹೆಂಗಸರು ಸಕ್ಕರೆ ನೈವೇದ್ಯಕ್ಕಿಟ್ಟು ಓದಿಸಲು ಸಾಲಾಗಿ ನಿಂತಿರುತ್ತಾರೆ, ಕುಂಕುಮ ಇಟ್ಟುಕೊಂಡವರೇ ಜಾಸ್ತಿ. ಊದಿನ ಹೊಗೆ. ಮನೆಗಳಲ್ಲಿ ಚೊಂಗೆ, ಮಾದಲಿಯ ಸಿಹಿ ಅಡುಗೆ. ಇರಾಕಿನ ಕರ್ಬಲಾದಲ್ಲಿ 680ರಲ್ಲಿ ಪ್ರವಾದಿಯ ಮೊಮ್ಮಗ ಹುಸೇನರು ಸತ್ತ ಕಥೆಯನ್ನು ನಮ್ಮೂರಿನ ಅಕ್ಷರ ಬಾರದ ಮುದುಕರು ರಿವಾಯತ ಪದ ಮಾಡಿ, ಇದೇ ಹೊಲ ಇದೇ ಹಳ್ಳದ ದಂಡೆಯಲ್ಲಿ ನಡೆಯಿತೇನೋ ಅನ್ನುವ ಹಾಗೆ ಹಾಡುತ್ತಾರೆ. ಒಂಬತ್ತನೆಯ ರಾತ್ರಿಗೆ ಖತಲ್ ರಾತ್ರಿ ಅನ್ನುತ್ತಾರೆ. ಖತಲ್ ಅಂದರೆ ಕೊಲೆ. ನಮ್ಮ ಜನರ ಬಾಯಲ್ಲಿ ಅದು ಕತ್ತಲ ರಾತ್ರಿ ಆಗಿದೆ. ಎರಡೂ ಸರಿಯೇ ಅನ್ನಿಸುತ್ತದೆ ನನಗೆ.

ಬೆಂಗಳೂರಿಗೆ, ಪುಣೆಗೆ ಗುಳೆ ಹೋದವರು ಯುಗಾದಿಗೆ ಬರದಿದ್ದರೂ ಅಲಾಯಿಗೆ ಬರುತ್ತಾರೆ. ಮುದಗಲ್ಲಿನ ಮೊಹರಂ ಅಂತೂ ದೊಡ್ಡದು. ನಮ್ಮೂರಿಂದ ಹತ್ತಿರವೇ. ಆ ವಾರ ಆ ಕಡೆ ಹೋಗುವ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ನನ್ನ ಹಾಜರಿ ಪುಸ್ತಕ ನೋಡಿದರೆ ನಿಮಗೆ ಮಜಾ ಅನ್ನಿಸಬಹುದು. ಹುಸೇನಪ್ಪ, ಹುಸೇನಮ್ಮ, ಫಕೀರಪ್ಪ ಅಂತ ಹೆಸರುಗಳಿವೆ. ಒಬ್ಬರೂ ಮುಸಲ್ಮಾನರಲ್ಲ. ಹರಕೆ ಹೊತ್ತು ಹುಟ್ಟಿದ ಮಕ್ಕಳು. ಬೆಳಗಾವಿ ಜಿಲ್ಲೆ ಸವದತ್ತಿ ತಾಲ್ಲೂಕಿನ ಹಿರೇಬಿದನೂರಿನಲ್ಲಿ ಒಂದೇ ಒಂದು ಮುಸ್ಲಿಂ ಮನೆ ಇಲ್ಲ, ಆದರೂ ಊರೆಲ್ಲ ಸೇರಿ ಮೊಹರಂ ಮಾಡುತ್ತದೆ. ಪೇಪರಿನವರು ಅದನ್ನು ದೊಡ್ಡ ಸುದ್ದಿ ಮಾಡಿದ್ದರು. ಆ ಪೇಪರ್ ಓದಿ ಹೇಳಿದರೆ ನಮ್ಮ ಅಡುಗೆಯಮ್ಮ, ‘ಅದ್ರಾಗೇನೈತ್ರಿ?’ ಅಂದಳು.

ನಿಜ ಹೇಳಬೇಕು ಅಂದರೆ ಈ ಭಾವೈಕ್ಯ ಅನ್ನುವ ಮಾತು ನನಗೆ ಅಷ್ಟು ಹಿಡಿಸುವುದಿಲ್ಲ. ವೇದಿಕೆ ಮೇಲೆ ನಿಂತವರು ಹೇಳುತ್ತಾರೆ, ಕುಣಿಯ ಸುತ್ತ ನಿಂತವರು ಹೇಳಿದ್ದನ್ನು ನಾನು ಕೇಳಿಲ್ಲ. ಅಲಾಯಿಯಲ್ಲಿ ಎಲ್ಲರೂ ಒಂದೇ ಅಂತ ಬರೆಯುವವರು ಮರುದಿನ ಬಂದು ನಮ್ಮೂರಿನ ಚಹಾದಂಗಡಿ ನೋಡಬೇಕು. ನಾನು ಬಂದ ಕಾಲಕ್ಕೆ ಅಲ್ಲಿ ಕೆಲವರಿಗೆ ಬೇರೆ ಗ್ಲಾಸು ಇತ್ತು. ದೇವರ ಮುಂದೆ ಹಲಗೆ ಬಡಿದವನಿಗೇ ಬೇರೆ ಗ್ಲಾಸು. ಈಗ ಪೇಪರ್ ಕಪ್ ಬಂದು ಆ ವಿಷಯ ಮುಚ್ಚಿಹೋಗಿದೆ. ಮುಗಿದಿದೆ ಅಂತ ನಾನು ಹೇಳಲಾರೆ. ಹಬ್ಬ ಹಂಚಿಕೊಂಡವರು ಬಾವಿ ಹಂಚಿಕೊಳ್ಳುತ್ತಾರೆ ಅಂತ ಏನೂ ಇಲ್ಲ. ಆದರೂ ಹಬ್ಬವನ್ನಾದರೂ ಹಂಚಿಕೊಂಡಿದ್ದಾರಲ್ಲ. ಅದನ್ನು ನಾವು, ಸರ್ಕಾರದವರು, ಬಿಡಿಸಿ ಬೇರೆ ಮಾಡಬಾರದು ಅಷ್ಟೇ.

2015, 2016, 2017, ಈ ಮೂರು ವರ್ಷ ನನಗೆ ಮರೆಯುವುದಿಲ್ಲ. ವಿಜಯದಶಮಿ ಮತ್ತು ಮೊಹರಂ ಕಡೆಯ ದಿನ ಒಂದರ ಬೆನ್ನಿಗೆ ಒಂದು ಬಂದವು. 2016ರಲ್ಲಿ ಅಕ್ಟೋಬರ್ 11ಕ್ಕೆ ದಶಮಿ, 12ಕ್ಕೆ ಮೊಹರಂ. 2017ರಲ್ಲಿ ಸೆಪ್ಟೆಂಬರ್ 30 ಮತ್ತು ಅಕ್ಟೋಬರ್ 1. ದೂರದ ಬಂಗಾಳದಲ್ಲಿ ಆ ವರ್ಷ ದುರ್ಗೆಯ ವಿಸರ್ಜನೆ ಯಾವಾಗ ಅಂತ ಜಗಳ ಹೈಕೋರ್ಟ್‌ವರೆಗೂ ಹೋಗಿತ್ತು. ನಮ್ಮೂರಿನಲ್ಲಿ ಹಿರಿಯರು ಕಟ್ಟೆಯ ಮೇಲೆ ಕೂತು ಎರಡು ಮಾತಿನಲ್ಲಿ ಮುಗಿಸಿದರು. ಯಾವುದು ಯಾವ ದಾರಿಯಲ್ಲಿ ಬರಬೇಕು, ಬಾಜಾ ಯಾರದು. ಬಾಜಾದವರು ಒಬ್ಬರೇ ಇದ್ದದ್ದರಿಂದ ಅದೊಂದೇ ನಿಜವಾದ ಸಮಸ್ಯೆ. ಬನ್ನಿ ಕೊಟ್ಟು ‘ಬಂಗಾರದಂಗ ಇರೋಣು’ ಅಂದ ಕೈಗೇ ಮರುದಿನ ಸಕ್ಕರೆ ಬಿತ್ತು.

ಏಳನೇ ತರಗತಿ ಮಕ್ಕಳಿಗೆ ಆಗ ನಾನು ಕರಿಹಲಗೆಯ ಮೇಲೆ ಲೆಕ್ಕ ಹಾಕಿ ತೋರಿಸಿದ್ದೆ. ನಮ್ಮ ತಿಂಗಳೂ ಚಂದ್ರನ ತಿಂಗಳೇ, ಅವರದ್ದೂ ಚಂದ್ರನದ್ದೇ. ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ. ಇಬ್ಬರ ಹಬ್ಬವೂ ವರ್ಷಕ್ಕೆ ಹನ್ನೊಂದು ದಿನ ಹಿಂದೆ ಹೋಗುತ್ತದೆ. ನಾವು ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸಿ ಮತ್ತೆ ಮಳೆ ಬೆಳೆಗೆ ಹೊಂದಿಸಿಕೊಳ್ಳುತ್ತೇವೆ, ಅವರು ಸೇರಿಸುವುದಿಲ್ಲ. ದಶಮಿಯೂ ಹತ್ತನೆಯ ದಿನ, ಮೊಹರಂ ಕಡೆಯ ದಿನವೂ ಹತ್ತನೆಯದು. ಹಾಗಾಗಿ ಒಮ್ಮೆ ಜೊತೆಯಾದರೆ ಅಧಿಕ ಮಾಸ ಬರುವ ತನಕ ಜೊತೆಯಲ್ಲೇ ನಡೆಯುತ್ತವೆ. 2018ರಲ್ಲಿ ಅಧಿಕ ಜ್ಯೇಷ್ಠ ಬಂತು. ದಸರಾ ಅಕ್ಟೋಬರ್ 19ಕ್ಕೆ ಮುಂದೆ ಹೋಯಿತು, ಮೊಹರಂ ಸೆಪ್ಟೆಂಬರಿಗೆ ಹಿಂದೆ ಸರಿಯಿತು. ಒಬ್ಬ ಹುಡುಗಿ ಎದ್ದು ನಿಂತು, ‘ಮತ್ತ ಯಾವಾಗ ಕೂಡ್ತಾವ್ರೀ?’ ಅಂತ ಕೇಳಿದಳು. ಮೂವತ್ತು ವರ್ಷದ ಮೇಲೆ ಅಂದೆ. ಬೆರಳು ಮಡಿಸಿ ತನ್ನ ವಯಸ್ಸು ಲೆಕ್ಕ ಹಾಕಿಕೊಂಡು ಕೂತಳು.

ಈಗ ನನ್ನ ತವರಿನ ಮಾತು. ಬೇಲೂರು ಚನ್ನಕೇಶವನ ತೇರು ಹೊರಡುವ ಮೊದಲು ಖಾಜಿಗಳು ಕುರಾನಿನ ಸಾಲು ಓದುವುದು ಹಳೆಯ ರೂಢಿ. ಚಿಕ್ಕಂದಿನಲ್ಲಿ ಅಜ್ಜಿಯ ಸೆರಗು ಹಿಡಿದು ನಿಂತು ಕೇಳಿದ್ದೇನೆ. ಅಜ್ಜಿಗೆ ಅದರ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಅರ್ಚಕರ ಸಂಸ್ಕೃತವೂ ತಿಳಿಯುತ್ತಿರಲಿಲ್ಲ ಅನ್ನಿ. ಎರಡಕ್ಕೂ ಕೈ ಮುಗಿಯುತ್ತಿದ್ದಳು. ಖಾಜಿಗಳ ಓದು ಮುಗಿದ ಕೂಡಲೇ, ‘ಹೂಂ, ಇನ್ನು ಹೊರಡತ್ತೆ, ನನ್ನ ಕೈ ಬಿಡಬೇಡ’ ಅನ್ನುತ್ತಿದ್ದಳು. ಅವಳ ಪಾಲಿಗೆ ಅದು ರೈಲಿನ ಗಾರ್ಡ್ ಊದುವ ಸೀಟಿಯ ಹಾಗೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿ. ಅಷ್ಟು ವರ್ಷದಲ್ಲಿ ಏನೇನು ಬಂದು ಸೇರಿಕೊಂಡಿತೋ, ಯಾರು ಯಾಕೆ ಸೇರಿಸಿದರೋ, ತೇರು ಎಳೆಯುವವರಿಗೆ ಆ ಚಿಂತೆ ಇರಲಿಲ್ಲ.

2022ರಲ್ಲಿ ಖಾಜಿಗಳ ಆ ಓದಿಗೆ ವಿರೋಧ ಶುರುವಾಯಿತು. 2023ರಲ್ಲಿ ಮತ್ತೆ. ನಾನು ಇಲ್ಲಿ ಟಿವಿಯಲ್ಲಿ ನನ್ನೂರಿನ ಬೀದಿ ನೋಡುತ್ತಾ ಕೂತಿದ್ದೆ, ಪೊಲೀಸರ ನಡುವೆ ಗುರುತಿನ ಅಂಗಡಿಗಳನ್ನು ಹುಡುಕುತ್ತಾ. ಅದೇ 2022ರಲ್ಲಿ ಕರಾವಳಿಯ ಜಾತ್ರೆಗಳಲ್ಲಿ ಮುಸ್ಲಿಮರು ಅಂಗಡಿ ಹಾಕಬಾರದು ಅಂತ ಬ್ಯಾನರ್ ಕಟ್ಟಿದರು. ಮೂಲ್ಕಿಯ ಬಪ್ಪನಾಡಿನಲ್ಲೂ ಕಟ್ಟಿದರು. ಬಪ್ಪ ಬ್ಯಾರಿ ಅನ್ನುವ ಮುಸ್ಲಿಂ ವ್ಯಾಪಾರಿ ಆ ಗುಡಿ ಕಟ್ಟಿಸಿದ ಅಂತ ಊರೇ ಹೇಳುತ್ತದೆ, ಊರಿನ ಹೆಸರಲ್ಲೇ ಅವನಿದ್ದಾನೆ. ಬ್ಯಾನರ್ ಕಟ್ಟಿದವರು ತೋರಿಸಿದ್ದು ಏನು ಗೊತ್ತಾ? 2002ರ ಮುಜರಾಯಿ ನಿಯಮಗಳಲ್ಲಿ ಇದ್ದ ಒಂದು ಸಾಲು. ಗುಡಿಯ ಹತ್ತಿರದ ಜಾಗವನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡಬಾರದು ಅಂತ. ಬರೆದವರ ಮನಸ್ಸಿನಲ್ಲಿ ಜಾತ್ರೆಯ ಬಳೆ ಅಂಗಡಿ ಇತ್ತೋ ಇಲ್ಲವೋ. ಇಪ್ಪತ್ತು ವರ್ಷ ಅದು ಪುಸ್ತಕದಲ್ಲಿ ಮಲಗಿತ್ತು. ಬೇಕಾದವರು ಬಂದು ಎಬ್ಬಿಸಿದರು.

ನಿಮ್ಮ ಸಾಲಿನ ಬಗ್ಗೆ ನನಗೆ ಭಯ ಇರುವುದು ಅದಕ್ಕೇ. ಸದ್ಯಕ್ಕೆ ಅದರಿಂದ ಒಬ್ಬ ಮಾಸ್ತರರ ಒಂದು ರಜೆ ಹೋಗಿದೆ ಅಷ್ಟೇ. ನಾಳೆ ಯಾರಾದರೂ ಬಂದು, ನೋಡಿ, ಸರ್ಕಾರವೇ ಹೇಳಿದೆ, ಇದು ಅವರ ಹಬ್ಬ, ನಿಮ್ಮದಲ್ಲ ಅಂತ ತೋರಿಸಬಹುದು. ಹೇಳುವವರು ಈಗಾಗಲೇ ಎರಡು ಕಡೆಯಿಂದಲೂ ಇದ್ದಾರೆ. ನಮ್ಮೂರಿನ ಮುಸ್ಲಿಂ ಹುಡುಗರಲ್ಲಿ ಕೆಲವರು, ಇದು ಸರಿಯಾದ ದೀನ್ ಅಲ್ಲ ಅಂತ ಅಲಾಯಿಯಿಂದ ದೂರ ನಿಲ್ಲುತ್ತಾರೆ. ಹಿಂದೂ ಹುಡುಗರಲ್ಲಿ ಕೆಲವರು, ನಮಗ್ಯಾಕೆ ಅವರ ದೇವರು ಅನ್ನುತ್ತಾರೆ. ಇಬ್ಬರೂ ಮೊಬೈಲಿನಲ್ಲಿ ನೋಡಿ ಕಲಿತದ್ದು. ನಡುವೆ ಮುದುಕರು ಉಳಿದಿದ್ದಾರೆ. ಆಮೇಲೆ ಹೆಂಗಸರು. ಹರಕೆ ಹೊತ್ತ ಹೆಂಗಸಿಗೆ ಯಾರ ಸ್ಟೇಟಸ್ಸೂ ತಾಗುವುದಿಲ್ಲ.

2025ರ ಸೆಪ್ಟೆಂಬರ್ 22ರ ಕಥೆಯೊಂದಿದೆ. ದಸರಾ ರಜೆಯಲ್ಲಿ ನಮ್ಮನ್ನು ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಕಳಿಸಿದರು, ನೆನಪಿದೆಯಲ್ಲ. ಮನೆಮನೆಗೆ ಹೋಗಿ ಅರವತ್ತು ಪ್ರಶ್ನೆ ಕೇಳುವುದು. ಧರ್ಮದ ಕಾಲಂನಲ್ಲಿ ಏನು ಬರೆಸಬೇಕು, ಜಾತಿಯ ಕಾಲಂನಲ್ಲಿ ಏನು ಬರೆಸಬೇಕು ಅಂತ ಮಠದವರು, ಸಂಘದವರು, ಪಕ್ಷದವರು ಆಗಲೇ ಹೇಳಿ ಹೋಗಿದ್ದರು. ಮೊದಲ ದಿನ ನಾನು ಒಂದು ಮನೆಯ ಪಡಸಾಲೆಯಲ್ಲಿ ಸಿಗ್ನಲ್ ಬರಲಿ ಅಂತ ಕಾಯುತ್ತಾ ಕೂತಿದ್ದೆ. ಟಿವಿಯಲ್ಲಿ ಮೈಸೂರು ದಸರಾ. ಚಾಮುಂಡಿ ಬೆಟ್ಟದಲ್ಲಿ ಬಾನು ಮುಷ್ತಾಕ್ ಅವರು ದೇವಿಗೆ ಹೂವು ಹಾಕುತ್ತಿದ್ದರು. ಅದಾಗುವ ಮೊದಲು ಬೇಡ ಅಂತ ಕೋರ್ಟಿಗೆ ಹೋಗಿದ್ದರು, ಹೈಕೋರ್ಟ್ ಸೆಪ್ಟೆಂಬರ್ 15ಕ್ಕೆ, ಸುಪ್ರೀಂ ಕೋರ್ಟ್ 19ಕ್ಕೆ ಆಗುವುದಿಲ್ಲ ಅಂದಿದ್ದವು. 2017ರಲ್ಲಿ ಕವಿ ನಿಸಾರ್ ಅಹಮದ್ ಅವರು ಇದೇ ದಸರಾ ಉದ್ಘಾಟಿಸಿದಾಗ ಇಷ್ಟು ಗದ್ದಲ ಇರಲಿಲ್ಲ. ಎಂಟೇ ವರ್ಷ.

ಮನೆಯ ಅಜ್ಜಿ ಕೇಳಿತು, ‘ಯಾರ್ರೀ ಟೀಚರ್, ಆಕಿ?’

‘ನಮ್ಮ ಹಾಸನದೋರು ಅಜ್ಜಿ. ಕಥೆ ಬರೀತಾರೆ. ಮುಸ್ಲಿಂ ಹೆಣ್ಣುಮಗಳು, ಹೂವು ಹಾಕಬಾರದು ಅಂತ ಕೇಸ್ ಹಾಕಿದ್ರು.’

‘ಹೌದಾ?’ ಅಂತು ಅಜ್ಜಿ. ಸ್ವಲ್ಪ ಹೊತ್ತು ಸುಮ್ನೆ ನೋಡಿತು. ‘ನಾ ಹುಸೇನ್ ಬಾಷಾಗ ಹೂವಿನ ಚಾದರ ಹಾಕೀನಿ. ನನಮ್ಯಾಲೂ ಕೇಸ್ ಆಕೈತೇನು?’

ತಮಾಷೆಗೆ ಕೇಳಿದ್ದಲ್ಲ. ನಿಜವಾಗಿ ಕೇಳಿದ್ದು.

ಅಷ್ಟರಲ್ಲಿ ಸಿಗ್ನಲ್ ಬಂತು. ಧರ್ಮ ಕೇಳಿದೆ. ಮಗ, ಹಿಂದೂ ಅಂದ. ಜಾತಿ ಹೇಳಿದ. ಅಜ್ಜಿ ಒಳಗಿಂದ, ‘ಮನಿದೇವ್ರು ಬರಕೋ ಅನ್ನೋ’ ಅಂತ ಕೂಗಿತು. ಅರವತ್ತು ಪ್ರಶ್ನೆಯಲ್ಲಿ ಅದೊಂದು ಇರಲಿಲ್ಲ. ‘ಬರಕೊಂಡೆ ಅಜ್ಜಿ’ ಅಂದೆ. ಸರ್ಕಾರದ ಕೆಲಸದಲ್ಲಿ ನಾನು ಹೇಳಿದ ಸುಳ್ಳುಗಳಲ್ಲಿ ಇದೂ ಒಂದು, ಕ್ಷಮೆ ಇರಲಿ.

ಸಮೀಕ್ಷೆಯೇ ತಪ್ಪು ಅನ್ನುವವಳಲ್ಲ ನಾನು. ಬೇರೆ ಗ್ಲಾಸಿನಲ್ಲಿ ಚಹಾ ಕುಡಿದವರು ಎಷ್ಟು ಜನ, ಅವರ ಮಕ್ಕಳು ಎಷ್ಟು ಓದಿದ್ದಾರೆ ಅಂತ ಲೆಕ್ಕ ಸಿಗಬೇಕು. ಲೆಕ್ಕಕ್ಕೆ ಕಾಲಂ ಬೇಕೇ ಬೇಕು. ಹಬ್ಬಕ್ಕೂ ಅದೇ ಕಾಲಂ ಯಾಕೆ ಅಂತ ಮಾತ್ರ ನನ್ನ ಪ್ರಶ್ನೆ.

ಜಯಂತಿಗಳ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ, ಕೋಪ ಮಾಡಿಕೊಳ್ಳಬೇಡಿ. ಪಟ್ಟಿಯಲ್ಲಿ ಬಸವಣ್ಣ, ವಾಲ್ಮೀಕಿ, ಕನಕದಾಸರು, ಅಂಬೇಡ್ಕರ್, ಮಹಾವೀರ ಎಲ್ಲರೂ ಇದ್ದಾರೆ. ರಜೆ ಇಲ್ಲದ ಜಯಂತಿಗಳು ಇನ್ನೂ ಬಹಳ. ರಜೆ ಇರುವ ಜಯಂತಿಯ ಬೆಳಿಗ್ಗೆಯೂ ನಾವು ಶಾಲೆಗೆ ಬಂದು ಫೋಟೊ ಇಟ್ಟು, ಹೂವು ಹಾಕಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮೊಬೈಲಿನಲ್ಲಿ ಫೋಟೊ ತೆಗೆದು ಮೇಲಿನವರ ಗ್ರೂಪಿಗೆ ಕಳಿಸಬೇಕು. ಮಕ್ಕಳಿಗೆ ರಜೆ, ಆದರೂ ಬನ್ನಿ ಅನ್ನುತ್ತೇವೆ. ಯಾರು ಬರುತ್ತಾರೆ ಗೊತ್ತಾ? ವಾಲ್ಮೀಕಿ ಜಯಂತಿಗೆ ನಾಯಕರ ಮಕ್ಕಳು. ಕನಕ ಜಯಂತಿಗೆ ಕುರುಬರ ಮಕ್ಕಳು. ಅಂಬೇಡ್ಕರ್ ಜಯಂತಿ ಬೇಸಿಗೆ ರಜೆಯಲ್ಲಿ ಬರುತ್ತದೆ, ಅದಕ್ಕೆ ಕೇರಿಯ ಮಕ್ಕಳು ಬಿಟ್ಟು ಬೇರೆ ಯಾರೂ ಬರುವುದಿಲ್ಲ. ಬಸವ ಜಯಂತಿ ಎತ್ತಿನ ಮೆರವಣಿಗೆಯಲ್ಲಿ ಕಳೆದುಹೋಗುತ್ತದೆ, ಅದು ಪರವಾಗಿಲ್ಲ, ಎತ್ತಿಗೆ ಜಾತಿ ಇಲ್ಲ. ಒಂದು ಸಲ ಮೂರನೇ ತರಗತಿಯ ಹುಡುಗ ಕನಕದಾಸರ ಫೋಟೊಕ್ಕೆ ಹೂವು ಹಾಕಲು ಹೋದವನು ತಿರುಗಿ ನನ್ನನ್ನು ಕೇಳಿದ, ‘ಟೀಚರ್ರೀ, ನಾ ಹಾಕಬಹುದಾ, ಅವರೇ ಹಾಕಬೇಕಾ?’ ಜಾತಿ ಬೇಡ ಅಂತ ಬದುಕೆಲ್ಲ ಹಾಡಿದ ಮನುಷ್ಯನ ಫೋಟೊ ಎದುರಿಗೆ ಆ ಮಗು ಜಾತಿ ಕಲಿತು ನಿಂತಿತ್ತು. ಕಲಿಸಿದ್ದು ನಾವೇ, ರಜೆ ಕೊಟ್ಟು.

ಟಿಪ್ಪು ಜಯಂತಿಯದ್ದು ಇನ್ನೂ ಬೇರೆ ಥರ. 2015ರಲ್ಲಿ ಒಂದು ಸರ್ಕಾರ ಶುರು ಮಾಡಿತು, ಆ ವರ್ಷವೇ ಮಡಿಕೇರಿಯಲ್ಲಿ ಜೀವ ಹೋಯಿತು, 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ಒಬ್ಬ ಮನುಷ್ಯನ ಬಗ್ಗೆ ಇತಿಹಾಸದ ಪಾಠದಲ್ಲಿ ಎರಡು ಮಾತು ಹೇಳಬಹುದು, ಒಳ್ಳೆಯದೂ ಕೆಟ್ಟದ್ದೂ. ಜಯಂತಿಯಲ್ಲಿ ಒಂದೇ ಮಾತು.

ಸರಿ, ನೀವು ಕೇಳಬಹುದು, ಏನಮ್ಮಾ, ಇಡೀ ರಾಜ್ಯಕ್ಕೆ ಒಂದು ಪಟ್ಟಿ, ಊರೂರಿಗೆ ಬೇರೆ ಮಾಡೋಕಾಗುತ್ತಾ ಅಂತ. ಆಗುತ್ತದೆ. ನೀವೇ ಮಾಡಿದ್ದೀರಿ. ಕೊಡಗು ಜಿಲ್ಲೆಗೆ ಅಂತಲೇ ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿಗೆ ಸ್ಥಳೀಯ ರಜೆ ಇದೆ. ಅಲ್ಲಿ ಕೊಡವರಿಗೆ ಮಾತ್ರ ಅಂತ ಬರೆದಿಲ್ಲ, ಕೊಡಗು ಜಿಲ್ಲೆಗೆ ಅಂತ ಬರೆದಿದ್ದೀರಿ. ಎಷ್ಟು ಚೆನ್ನಾಗಿದೆ ನೋಡಿ. ಹುತ್ತರಿಯ ದಿನ ಮಡಿಕೇರಿಯ ಕಚೇರಿಯಲ್ಲಿ ಯಾರೂ ಯಾರನ್ನೂ, ನೀವು ಯಾವಾಗ ಕೊಡವರಾದಿರಿ ಅಂತ ಕೇಳಬೇಕಾಗಿಲ್ಲ. ನೆಲಕ್ಕೆ ಕೊಟ್ಟ ರಜೆ ಅದು.

ಇನ್ನೊಂದು ಉದಾಹರಣೆ ಕೊಡುತ್ತೇನೆ. ಈ ಕಡೆ ಸೆಪ್ಟೆಂಬರ್ 17ಕ್ಕೂ ಬಾವುಟ ಹಾರಿಸುತ್ತೇವೆ. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ದಿನ. ಬೇಲೂರಿನ ಹುಡುಗಿಯಾದ ನನಗೆ ಇಲ್ಲಿಗೆ ಬರುವ ತನಕ ಅದು ಗೊತ್ತೇ ಇರಲಿಲ್ಲ. ಮೊದಲ ವರ್ಷ, ಇದ್ಯಾವ ಮೂರನೇ ಬಾವುಟ ಅಂತ ಹೆಡ್ ಮಾಸ್ತರರನ್ನು ಕೇಳಿ ಬೈಸಿಕೊಂಡಿದ್ದೆ. ಒಂದೇ ರಾಜ್ಯದಲ್ಲಿ ಸ್ವಾತಂತ್ರ್ಯ ಬಂದ ತಾರೀಕೇ ಎರಡು ಇರುವಾಗ ಹಬ್ಬದ ಪಟ್ಟಿ ಒಂದೇ ಇರಬೇಕು ಅಂತ ಏನಿದೆ?

ಆದ್ದರಿಂದ ನನ್ನ ಕೋರಿಕೆ ಇದು. ಆ ಸಾಲಿನಲ್ಲಿ ‘ಮುಸಲ್ಮಾನ ಬಾಂಧವರು’ ಅಂತ ಇರುವ ಕಡೆ ‘ಆ ಹಬ್ಬ ಆಚರಿಸುವ ನೌಕರರು’ ಅಂತ ಬರೆಯಿರಿ. ಎರಡು ಪದ ಹೋಗಿ ನಾಲ್ಕು ಪದ ಬಂದರೂ ಕಾಗದ ಹರಿಯುವುದಿಲ್ಲ. ಎಲ್ಲರೂ ಸುಳ್ಳು ಹೇಳಿ ರಜೆ ತೆಗೆದುಕೊಳ್ಳುತ್ತಾರೆ ಅಂತ ನಿಮಗೆ ಅನುಮಾನ ಇರಬಹುದು. ಅದು ಒಂದೇ ರಜೆ, ಮೊದಲಿನದ್ದನ್ನು ಬಿಟ್ಟುಕೊಟ್ಟು ಪಡೆಯುವ ರಜೆ. ಸುಳ್ಳು ಹೇಳಿ ಸಿಗುವ ಲಾಭ ಏನೂ ಇಲ್ಲ. ಮತ್ತೆ, ಕೊಡಗಿಗೆ ಹುತ್ತರಿ ಕೊಟ್ಟ ಹಾಗೆ ರಾಯಚೂರು, ಕೊಪ್ಪಳದಂಥ ಜಿಲ್ಲೆಗಳಿಗೆ ಮೊಹರಂನ ಖತಲ್ ರಾತ್ರಿಯ ದಿನವನ್ನು ಸ್ಥಳೀಯ ರಜೆ ಮಾಡಿ. ಕಡೆಯ ದಿನದ ರಜೆ ಇದ್ದೇ ಇದೆ, ಆದರೆ ಹಬ್ಬ ನಡೆಯುವುದು ಹಿಂದಿನ ರಾತ್ರಿ. ಆ ಇಡೀ ರಾತ್ರಿ ಎಚ್ಚರ ಇರಬೇಕಾದ ಮಕ್ಕಳು ಅದರ ಮುಂಚಿನ ಹಗಲು ಮಗ್ಗಿ ಹೇಳುವುದಿಲ್ಲ. 2025ರಲ್ಲಿ ಕಡೆಯ ದಿನ ಜುಲೈ 6, ಭಾನುವಾರ ಬಿತ್ತು. ಖತಲ್ ರಾತ್ರಿ ಶನಿವಾರ. ಆ ಬೆಳಿಗ್ಗೆ ಶಾಲೆಗೆ ಬಂದದ್ದು ಹನ್ನೊಂದು ಮಕ್ಕಳು. ಬೇಕಾದರೆ ಅದರ ಬದಲು ಒಂದು ಜಯಂತಿಯ ದಿನ ಪೂರ್ತಿ ಶಾಲೆ ನಡೆಸುತ್ತೇನೆ. ಕನಕದಾಸರ ಪಾಠವನ್ನೇ ಮಾಡುತ್ತೇನೆ, ಇಡೀ ತರಗತಿಗೆ.

ಆ ಮಾಸ್ತರರು ಈಗ ನಿವೃತ್ತರಾಗಿದ್ದಾರೆ. ರಜೆಯ ಅರ್ಜಿ ಬರೆಯುವ ಕಷ್ಟ ಇಲ್ಲ. ಆದರೆ ಮೊಣಕಾಲು ನೋವು, ದೇವರು ಹೊರಲು ಆಗುತ್ತಿಲ್ಲ. ಈಗ ಅವರ ಮಗ ಹೊರಬೇಕು. ಅವನಿಗೂ ಸರ್ಕಾರಿ ಕೆಲಸ, ಬೇರೆ ಇಲಾಖೆ, ಬೇರೆ ಜಿಲ್ಲೆ. ಪಟ್ಟಿ ಬಂದ ದಿನವೇ ಮೊದಲು ಆ ಸೂಚನೆಯ ಸಾಲು ನೋಡಿದನಂತೆ, ಬದಲಾಗಿದೆಯಾ ಅಂತ.

ಮುಂದಿನ ಮೊಹರಂ 2026ರ ಜೂನ್ ಕೊನೆಗೆ ಬರುತ್ತದೆ. ಶಾಲೆ ಆಗಷ್ಟೇ ಶುರುವಾಗಿರುತ್ತದೆ. ನಿಮ್ಮಲ್ಲಿ ಯಾರಿಗಾದರೂ ಬಿಡುವಿದ್ದರೆ ಒಮ್ಮೆ ಬಂದು ನೋಡಿ ಹೋಗಿ. ಲಿಂಗಸುಗೂರಿನಿಂದ ಬಸ್ಸು ಸಿಗುತ್ತದೆ. ಊಟ ನಮ್ಮ ಮನೆಯಲ್ಲಿ, ಮಾದಲಿ ಅಡುಗೆಯಮ್ಮನ ಮನೆಯದು. ಆದರೆ ಖತಲ್ ರಾತ್ರಿಯೇ ಬರುವುದಾದರೆ ಬಸ್ಸಿನಲ್ಲಿ ನಿಂತೇ ಬರಬೇಕಾಗುತ್ತದೆ, ಮುಂಚೆಯೇ ಹೇಳಿದ್ದೇನೆ.

ಇಂತಿ,
ಲಿಂಗಸುಗೂರು ತಾಲ್ಲೂಕಿನ ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿ